ಗ್ರೂಪಿನಲ್ಲಿ ಇನ್ನೂರು ಜನ, ಪರೀಕ್ಷೆಯ ದಿನ ಒಬ್ಬರೂ ಇಲ್ಲ

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಶಿಕ್ಷಕಿ. ಇಬ್ಬರು ಗೆಳತಿಯರ ಜೊತೆ ಸೇರಿ, ನಮ್ಮೂರಿನ ಕಾಲೇಜುಗಳಲ್ಲಿ ಓದುವ ಅಂಧ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಡುವ ಸ್ಕ್ರೈಬ್‌ಗಳನ್ನು ಹೊಂದಿಸಿಕೊಡುತ್ತೇನೆ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಇನ್ನೂರಕ್ಕೂ ಹೆಚ್ಚು ಜನ ಇದ್ದಾರೆ. ‘ಯಾರಾದರೂ ಬರ್ತೀರಾ?’ ಎಂದು ಹಾಕಿದರೆ ಕೈಮುಗಿದ ಚಿತ್ರ, ಹೂವಿನ ಚಿತ್ರ ಬರುತ್ತವೆ, ಜನ ಬರುವುದಿಲ್ಲ. ಒಪ್ಪಿಕೊಂಡವರೂ ಕೊನೇ ಗಳಿಗೆಯಲ್ಲಿ ಕೈಕೊಡುತ್ತಾರೆ. ಕಳೆದ ಸೆಮಿಸ್ಟರಿನಲ್ಲಿ ಒಬ್ಬ ಹುಡುಗ ಪರೀಕ್ಷೆಯ ದಿನ ಬೆಳಿಗ್ಗೆ ಫೋನ್ ಆಫ್ ಮಾಡಿಕೊಂಡ. ಬಿ.ಎ. ಹುಡುಗಿಯೊಬ್ಬಳಿಗೆ ಒಂದು ಪೇಪರ್ ತಪ್ಪಿಹೋಯಿತು. ಸಿಟ್ಟಿನಲ್ಲಿ ಅವನಿಗೆ ಗ್ರೂಪಿನಲ್ಲೇ ಬೈದು ಹೊರಗೆ ಹಾಕಿದೆ. ಅದಾದ ಮೇಲೆ ಇನ್ನೂ ಹಲವರು ತಾವಾಗಿ ಹೊರಟುಹೋದರು. ದುಡ್ಡು ಕೊಟ್ಟೇ ಜನರನ್ನು ಕರೆಯಬೇಕೇ? ಸೇವೆ ಅನ್ನುವುದು ಸತ್ತೇಹೋಯಿತೇ? ಎಲ್ಲ ಬಿಟ್ಟು ಸುಮ್ಮನಿರೋಣ ಅನ್ನಿಸುತ್ತಿದೆ.
– ನಿವೃತ್ತ ಶಿಕ್ಷಕಿ, ದಾವಣಗೆರೆ

ಉತ್ತರ: ಮೇಡಂ, ವರ್ಷವಿಡೀ ಓದಿದ ಹುಡುಗಿಗೆ ಬರೆಯುವವರಿಲ್ಲದೆ ಪೇಪರ್ ತಪ್ಪುವುದು ದೊಡ್ಡ ಅನ್ಯಾಯ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಸೇವೆ ಸತ್ತುಹೋಯಿತು ಎಂಬ ಮಾತನ್ನು ಒಪ್ಪಲಾರೆ. ಇನ್ನೂರು ಜನ ಯಾರ ಒತ್ತಾಯವೂ ಇಲ್ಲದೆ ನಿಮಗೆ ನಂಬರ್ ಕೊಟ್ಟಿದ್ದಾರೆ. ಅವರಿಗೆ ಮನಸ್ಸಿದೆ. ಯಾವತ್ತು ಬರಬೇಕು, ಎಷ್ಟು ಹೊತ್ತು ಕೂರಬೇಕು, ಬರದಿದ್ದರೆ ಯಾರಿಗೆ ಏನಾಗುತ್ತದೆ ಎಂಬುದನ್ನು ಅವರಿಗೆ ಯಾರೂ ಎದುರು ಕೂತು ಹೇಳಿಲ್ಲ, ಅಷ್ಟೆ.

ಗ್ರೂಪಿನಲ್ಲಿ ಕೇಳಿದರೆ ಬೇರೆ ಯಾರೋ ಹೋಗುತ್ತಾರೆ ಎಂದು ಪ್ರತಿಯೊಬ್ಬರೂ ಅಂದುಕೊಳ್ಳುತ್ತಾರೆ. ಮದುವೆಗೆ ನಾವು ಓಣಿಯವರನ್ನು ಮೈಕಿನಲ್ಲಿ ಕೂಗಿ ಕರೆಯುವುದಿಲ್ಲ, ಮನೆಮನೆಗೆ ಹೋಗಿ ಅಕ್ಷತೆ ಕೊಟ್ಟು ಕರೆಯುತ್ತೇವೆ. ಇಲ್ಲೂ ಹಾಗೆಯೇ ಆಗಬೇಕು. ಒಬ್ಬೊಬ್ಬರಿಗೇ ಫೋನ್ ಮಾಡಿ, ಹೆಸರು ಹಿಡಿದು, ಇಂಥ ದಿನ, ಇಂಥ ಕಾಲೇಜು, ಇಂಥ ವಿದ್ಯಾರ್ಥಿ ಎಂದು ಕೇಳಿ.

ಕೇಳುವ ಮುಂಚೆ ನಿಮ್ಮ ಪಟ್ಟಿಯನ್ನೇ ಒಮ್ಮೆ ಜಾಲಾಡಿ ನೋಡಿ. ಅಂಗವಿಕಲ ಅಭ್ಯರ್ಥಿಗಳ ಲಿಖಿತ ಪರೀಕ್ಷೆಗೆಂದು ಕೇಂದ್ರ ಸರ್ಕಾರ 2018ರ ಆಗಸ್ಟ್‌ನಲ್ಲಿ ಮಾರ್ಗಸೂಚಿ ಹೊರಡಿಸಿತ್ತು. ಅಭ್ಯರ್ಥಿ ತಾನೇ ಕರೆತರುವ ಸ್ಕ್ರೈಬ್‌ನ ಓದು ಅಭ್ಯರ್ಥಿಯದಕ್ಕಿಂತ ಒಂದು ಹಂತ ಕೆಳಗಿರಬೇಕು ಎಂದು ಅದರಲ್ಲಿತ್ತು. ನಿಮ್ಮ ಇನ್ನೂರರಲ್ಲಿ ಎಂಜಿನಿಯರುಗಳು, ಬ್ಯಾಂಕಿನವರು, ನಿಮ್ಮ ಹಳೆಯ ಸಹೋದ್ಯೋಗಿಗಳು ಎಷ್ಟು ಜನ? ಬಿ.ಎ. ಪರೀಕ್ಷೆಗೆ ಅವರು ರಜೆ ಹಾಕಿ ಬಂದರೂ ಗೇಟಿನಿಂದಲೇ ವಾಪಸ್ ಹೋಗಬೇಕಾದೀತು. ಒಮ್ಮೆ ಹಾಗೆ ವಾಪಸಾದವರು ಮತ್ತೆ ಬರುವುದಿಲ್ಲ. ಅವರಿಗೆ ಬೇರೆ ಕೆಲಸ ಕೊಡಿ: ಪಠ್ಯ ಓದಿ ಆಡಿಯೋ ಮಾಡುವುದು, ಪರೀಕ್ಷೆಯ ದಿನ ಬೈಕಿನಲ್ಲಿ ಕರೆದೊಯ್ಯುವುದು.

ಸಮಯದ ವಿಷಯದಲ್ಲೂ ಮೊದಲೇ ಖಡಾಖಂಡಿತವಾಗಿರಿ. ಅದೇ ಮಾರ್ಗಸೂಚಿಯಂತೆ ಇಂಥ ಅಭ್ಯರ್ಥಿಗಳಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಿಗಬೇಕು. ಮೂರು ಗಂಟೆಯ ಪೇಪರ್ ನಾಲ್ಕು ಗಂಟೆಯಾಗುತ್ತದೆ. ಗುರುತಿನ ಚೀಟಿ ತೋರಿಸಿ, ಫಾರಂ ತುಂಬಿ, ಕೊಠಡಿ ಹುಡುಕುವ ಹೊತ್ತನ್ನೂ ಸೇರಿಸಿದರೆ ಅರ್ಧ ದಿನ ಹೋಯಿತು. ಮೂರು ಗಂಟೆ ಎಂದು ನಂಬಿ ಒಪ್ಪಿಕೊಂಡವನಿಗೆ ಹಿಂದಿನ ರಾತ್ರಿ ಇದು ಗೊತ್ತಾದರೆ ಅವನು ಜಾರಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ತರಬೇತಿ. ಕೆಲಸ ಕಷ್ಟ ಎಂದರೆ ಜನ ಓಡಿಹೋಗುತ್ತಾರೆ ಎಂಬ ಭಯ ನಿಮ್ಮಂಥ ಎಷ್ಟೋ ಸಂಘಟಕರಿಗಿದೆ. ಆ ಭಯ ಬೇಡ. ಕೇರಳದಲ್ಲಿ, ಮುಖ್ಯವಾಗಿ ಮಲಪ್ಪುರಂ ಜಿಲ್ಲೆಯಲ್ಲಿ, ಹಾಸಿಗೆ ಹಿಡಿದ ರೋಗಿಗಳ ಆರೈಕೆಗೆ ಊರವರೇ ಕಟ್ಟಿದ ಜಾಲವನ್ನು ನೋಡಿ. ವಾರಕ್ಕೆ ಕನಿಷ್ಠ ಎರಡು ಗಂಟೆ ಕೊಡಲು ಸಿದ್ಧರಿರುವವರನ್ನು ತೆಗೆದುಕೊಂಡು, 16 ಗಂಟೆ ಪಾಠ ಹೇಳಿ, ಆಮೇಲೆ ರೋಗಿಗಳ ಬಳಿ ಕರೆದೊಯ್ದು ಕಲಿಸುವುದು ಅಲ್ಲಿನ ಕ್ರಮ. ಅದರಿಂದ ಜನ ಕಡಿಮೆಯಾಗಲಿಲ್ಲ, ಸಾವಿರಾರು ಮಂದಿ ಬಂದರು. ತನ್ನಿಂದ ಒಂದು ಗಂಭೀರ ಕೆಲಸ ಆಗುತ್ತಿದೆ ಎಂದು ಗೊತ್ತಾದವನು ಅದನ್ನು ಹಗುರವಾಗಿ ಬಿಡುವುದಿಲ್ಲ.

ನಿಮಗೆ 16 ಗಂಟೆ ಬೇಕಿಲ್ಲ. ಪರೀಕ್ಷೆಗೆ ಒಂದು ವಾರ ಮುಂಚೆ ಬರೆಯುವವರನ್ನೂ ಹೇಳುವವರನ್ನೂ ಒಟ್ಟಿಗೆ ಕೂರಿಸಿ, ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಕೊಟ್ಟು ಒಂದು ಗಂಟೆ ಬಿಡಿ. ಇತಿಹಾಸದ ಪೇಪರ್ ಎಂದಿಟ್ಟುಕೊಳ್ಳಿ. ಹುಡುಗಿ ‘ರಾಷ್ಟ್ರಕೂಟರ ಆಡಳಿತ ವ್ಯವಸ್ಥೆ, ಹೊಸ ಪ್ಯಾರಾ’ ಎನ್ನುತ್ತಾಳೆ. ಬರೆಯುವವನು ‘ಷ್ಟ್ರ’ದ ಹತ್ತಿರವೇ ನಿಲ್ಲುತ್ತಾನೆ. ಟ ಒತ್ತು ಮೊದಲೋ ರ ಒತ್ತು ಮೊದಲೋ? ಎಸ್ಸೆಸ್ಸೆಲ್ಸಿ ಆದ ಮೇಲೆ ಅವನು ಕೈಯಲ್ಲಿ ಕನ್ನಡ ಬರೆದೇ ಇಲ್ಲ. ಅಷ್ಟರಲ್ಲಿ ಅವಳು ಎರಡು ವಾಕ್ಯ ಮುಂದೆ ಹೋಗಿರುತ್ತಾಳೆ. ಅರ್ಧ ಗಂಟೆಯಲ್ಲಿ ಇಬ್ಬರೂ ಒಂದು ಒಪ್ಪಂದಕ್ಕೆ ಬರುತ್ತಾರೆ: ‘ಹೂಂ’ ಎಂದರೆ ಬರೆದಾಯಿತು, ಮುಂದೆ ಹೇಳು ಎಂದು. ಪ್ರಶ್ನೆಯನ್ನು ಎರಡು ಸಲ ಓದಬೇಕು, ಪ್ರತಿ ಪ್ಯಾರಾದ ಕೊನೆಯ ಸಾಲನ್ನು ಓದಿ ಕೇಳಿಸಬೇಕು, ಅರ್ಧ ಗಂಟೆಗೊಮ್ಮೆ ಸಮಯ ಹೇಳಬೇಕು. ಉತ್ತರ ತಪ್ಪೆಂದು ಗೊತ್ತಿದ್ದರೂ ತಿದ್ದಬಾರದು. ಈ ಕೊನೆಯದು ಒಳ್ಳೆಯ ಮನಸ್ಸಿನವರಿಗೇ ಹೆಚ್ಚು ಕಷ್ಟ.

ಹೀಗೆ ಒಂದು ಗಂಟೆ ಜೊತೆಗೆ ಕೂತವನ ಮಾತು ಆ ಹುಡುಗಿಗೆ ಕೊಟ್ಟ ಮಾತಾಗುತ್ತದೆ. ಅವಳ ದನಿ ಕೇಳಿದವನಿಗೆ ಫೋನ್ ಆಫ್ ಮಾಡುವುದು ಸುಲಭವಲ್ಲ. ಅವಳಿಗೂ ಇವನು ಬೇಡ ಎನ್ನುವ ಅವಕಾಶ ಇರುತ್ತದೆ. ಪರೀಕ್ಷಾ ಸಂಸ್ಥೆಯೇ ಸ್ಕ್ರೈಬ್ ಕೊಡುವುದಾದರೆ ಎರಡು ದಿನ ಮುಂಚೆ ಭೇಟಿ ಮಾಡಿಸಬೇಕು ಎಂದು 2018ರ ಮಾರ್ಗಸೂಚಿಯೇ ಹೇಳಿತ್ತು.

ಆದರೂ ಜ್ವರ ಬರುತ್ತದೆ, ಬಸ್ಸು ಕೆಡುತ್ತದೆ. ತುರ್ತಿನಲ್ಲಿ ಸ್ಕ್ರೈಬ್ ಬದಲಿಸಲು, ಬೇರೆ ಬೇರೆ ಪೇಪರಿಗೆ ಬೇರೆಯವರನ್ನು ಕರೆತರಲು ಆ ಮಾರ್ಗಸೂಚಿಯಲ್ಲಿ ಅವಕಾಶವಿತ್ತು. ಪ್ರತಿ ಪೇಪರಿಗೂ ಇನ್ನೊಬ್ಬರನ್ನು ಸಿದ್ಧವಾಗಿಟ್ಟು, ಅವರ ದಾಖಲೆಗಳ ಪ್ರತಿಯನ್ನೂ ಮೊದಲೇ ಕಾಲೇಜಿಗೆ ಕೊಡಿ. ನಿಯಮ ಬದಲಾಗಿರಬಹುದು, ವಿಶ್ವವಿದ್ಯಾಲಯಗಳಿಗೆ ತಮ್ಮದೇ ಫಾರಂ, ಷರತ್ತುಗಳೂ ಇರಬಹುದು. ಮೌಲ್ಯಮಾಪನ ಕುಲಸಚಿವರ ಕಚೇರಿಯಲ್ಲಿ ವಿಚಾರಿಸಿ, ಲಿಖಿತ ಉತ್ತರವನ್ನೇ ಕೇಳಿ ಪಡೆಯಿರಿ. ಬಾಯಿಮಾತಿನ ಭರವಸೆ ಪರೀಕ್ಷೆಯ ದಿನ ಗೇಟಿನಲ್ಲಿ ನಡೆಯುವುದಿಲ್ಲ.

ಆ ಹುಡುಗನಿಗೆ ಒಮ್ಮೆ ಫೋನ್ ಮಾಡಿ. ಕ್ಷಮೆ ಕೇಳಿಸಲು ಬೇಡ, ಅವತ್ತು ಏನಾಯಿತು ಎಂದು ತಿಳಿಯಲು ಮಾಡಿ. ಎಲ್ಲರೆದುರು ಬೈದಿದ್ದು ಸರಿಯಾಗಲಿಲ್ಲ ಎಂದೂ ಹೇಳಿ. ಬೈಗುಳ ಅವನೊಬ್ಬನಿಗೆ ಮುಟ್ಟಲಿಲ್ಲ, ‘ಆಗುವುದಿಲ್ಲ’ ಎಂದರೆ ಇಲ್ಲಿ ಮರ್ಯಾದೆ ಹೋಗುತ್ತದೆ ಎಂದು ಉಳಿದವರೆಲ್ಲ ತಿಳಿದುಕೊಂಡರು. ಅಂಥ ಭಯವಿದ್ದ ಕಡೆ ಜನ ಬಾಯಿಬಿಟ್ಟು ಹೇಳುವುದಿಲ್ಲ, ಫೋನ್ ಆಫ್ ಮಾಡುತ್ತಾರೆ. ಹಿಂದಿನ ದಿನ ಸಂಜೆ ಪ್ರತಿಯೊಬ್ಬರಿಗೂ ಕರೆ ಹೋಗಲಿ. ಆಗ ಇಲ್ಲ ಎಂದವರಿಗೆ, ಹೇಳಿದ್ದು ಒಳ್ಳೆಯದಾಯಿತು ಎನ್ನಿ.

ಹೊಸಬರಿಗಾಗಿ ಪಿಯು ಕಾಲೇಜುಗಳ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಕಾರ್ಯಕ್ರಮಾಧಿಕಾರಿಗಳನ್ನು ಕಾಣಿ. 1969ರಿಂದ ನಡೆದು ಬಂದಿರುವ ಈ ಯೋಜನೆಯಲ್ಲಿ ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ನಿಮಗೆ ಬೇಕಾದ ವಿದ್ಯಾರ್ಹತೆಯ ಮಕ್ಕಳು ಅಲ್ಲೇ ಇದ್ದಾರೆ, ಕನ್ನಡ ಬರೆಯುವ ರೂಢಿಯೂ ಅವರ ಕೈಗೆ ತಪ್ಪಿಲ್ಲ. ಕೊಠಡಿಯಲ್ಲಿ ಕಳೆದ ಗಂಟೆಗಳನ್ನು ಬರೆದು ಸಹಿ ಹಾಕಿದ ಪತ್ರ ಕೊಡಿ.

ದುಡ್ಡಿನ ವಿಷಯ. ಸಂಬಳ ಬೇಡ, ಆದರೆ ಯಾರ ಕೈಯಿಂದಲೂ ಖರ್ಚಾಗಬಾರದು. ಬಸ್ಸು, ಆಟೋ, ಮಧ್ಯಾಹ್ನದ ಊಟ ಇವು ನಿಮ್ಮ ಲೆಕ್ಕದಲ್ಲಿರಲಿ. ಇದನ್ನೂ ಕೊಡದೆ ಸೇವೆ ಎಂದರೆ ಕೂಲಿಯವರ ಮನೆಯ ಮಗ ನಿಮ್ಮ ಬಳಿ ಬರಲಾರ. ಅವನಷ್ಟು ನಿಯತ್ತಾಗಿ ಬರುವವರು ಕಡಿಮೆ.

ಕೊನೆಯದಾಗಿ, ಈ ಹೊರೆಯನ್ನು ಒಬ್ಬರೇ ಹೊರಬೇಡಿ. ನೀವು ಸ್ಕ್ರೈಬ್ ಹೊಂದಿಸಿಕೊಟ್ಟು ಪಾಸಾದ ಹಳೆಯ ವಿದ್ಯಾರ್ಥಿಗಳು ಊರಿನಲ್ಲೇ ಇರಬೇಕಲ್ಲ? ಒಳ್ಳೆಯ ಸ್ಕ್ರೈಬ್ ಯಾರು, ಕೆಟ್ಟವನು ಯಾರು ಎಂದು ಅವರಷ್ಟು ಬಲ್ಲವರಿಲ್ಲ. ಫೋನಿನ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಬಳಸಿ ಪಟ್ಟಿ ನೋಡುವುದು, ಕರೆ ಮಾಡುವುದು ಅವರಿಗೆ ನಿತ್ಯದ ರೂಢಿ. ಹೊಸಬರಿಗೆ ಕಲಿಸುವುದನ್ನೂ ಸಂಜೆಯ ಕರೆಗಳನ್ನೂ ಅವರಿಗೆ ವಹಿಸಿ. ಕಾಲೇಜಿನವರ ಜೊತೆ ಮಾತು, ಅನುಮತಿ ಪತ್ರ, ಖರ್ಚಿನ ಲೆಕ್ಕ – ಇಷ್ಟನ್ನು ನೀವು ಮೂವರು ಗೆಳತಿಯರು ಹಂಚಿಕೊಳ್ಳಿ.