ಹದಿಹರೆಯದ ಗೆಳೆತನವೂ ಮನೆಯ ಅಕ್ಕರೆಯೂ

ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನಂಥ ಊರುಗಳಲ್ಲಿ ಹದಿನೈದರ ಹುಡುಗನು ಶಾಲೆ ಬಿಟ್ಟೊಡನೆ ಅರಿಸಿನದ ಹೊಲಕ್ಕೋ ದನದ ಕೊಟ್ಟಿಗೆಗೋ ನಡೆಯುವುದು ಹೊಸತಲ್ಲ. ತಂದೆಯೊಡನೆ ಅವನ ಮಾತು ಬಹುಮಟ್ಟಿಗೆ ಕೆಲಸದ ನಡುವಿನದು. ಮನಸ್ಸಿನ ಮಾತನ್ನು ಅವನು ಜೊತೆಗಾರನಿಗೆಂದು ಉಳಿಸಿಕೊಂಡಿರುತ್ತಾನೆ. ಹಿರಿಯರು ಇದನ್ನು ಪೋಲಿತನವೆಂದು ಬಗೆಯುವುದುಂಟು. ಆ ತೀರ್ಮಾನ ಅವಸರದ್ದು.

ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾನಿಲಯದ ಜೋಸೆಫ್ ಅಲೆನ್ ಮತ್ತು ಸಂಗಡಿಗರು 169 ಮಕ್ಕಳನ್ನು 15ನೆಯ ವಯಸ್ಸಿನಲ್ಲಿ ಪರಿಶೀಲಿಸಿ, ಅವರನ್ನೇ 25ರಲ್ಲಿ ಮತ್ತೆ ನೋಡಿದರು. 2017ರಲ್ಲಿ ಪ್ರಕಟವಾದ ಫಲಿತಾಂಶ ವಿಚಾರಾರ್ಹವಾಗಿದೆ. ಆಪ್ತ ಗೆಳೆತನವಿದ್ದವರಲ್ಲಿ ಕಾಲಾನಂತರ ಖಿನ್ನತೆ, ಅಳುಕುಗಳು ತಗ್ಗಿ ಆತ್ಮಗೌರವ ಬೆಳೆದಿತ್ತು. ಹಲವರ ಮೆಚ್ಚುಗೆ ಗಳಿಸಿದ್ದವರಲ್ಲಾದರೋ ಅಳುಕೇ ಹೆಚ್ಚಿತ್ತು! ತರಗತಿಯ ಅಚ್ಚುಮೆಚ್ಚಿನ ಹುಡುಗನ ಬಗ್ಗೆ ನಿಶ್ಚಿಂತರಾಗಿರುವ ಅಧ್ಯಾಪಕರು ಇದನ್ನು ಗಮನಿಸಬೇಕು.

ಮನೆಯ ಪಾಲು ಕಿರಿದಲ್ಲ. ಹಾರ್ವರ್ಡಿನಲ್ಲಿ 1938ರಲ್ಲಿ ಆರಂಭವಾದ ದೀರ್ಘ ಅಧ್ಯಯನದಲ್ಲಿ, ಅಕ್ಕರೆಯ ಮನೆಯಲ್ಲಿ ಬೆಳೆದವರು ಮುಪ್ಪಿನಲ್ಲಿ ಬಾಳಸಂಗಾತಿಯನ್ನು ಹೆಚ್ಚು ನೆಚ್ಚಿಕೊಂಡಿದ್ದುದು ಕಂಡುಬಂದಿತು.

ಮನೆ ಬಿಟ್ಟು ಓದುವ ಮಕ್ಕಳಿಗೆ ಇವೆರಡೂ ಒಂದೆಡೆಯೇ ದೊರೆಯಬೇಕು. 1941ರಲ್ಲಿ ಸುತ್ತೂರು ಶ್ರೀಮಠದ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯ ತೆರೆದರು. ಅಂಥ ನಿಲಯಗಳಲ್ಲಿ ಅನ್ನ, ವಸತಿಗಳ ಜೊತೆಗೆ ದೊರೆತದ್ದು ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ಗೆಳೆಯ. ಆದುದರಿಂದ ಶಿಸ್ತಿನ ನೆಪದಿಂದ ವರ್ಷ ವರ್ಷವೂ ಕೊಠಡಿ ಬದಲಿಸಿ ಜೊತೆಗಾರರನ್ನು ಅಗಲಿಸುವ ರೂಢಿ ಎಲ್ಲಿಯಾದರೂ ಇದ್ದರೆ, ನಿಲಯಪಾಲಕರು ಪಟ್ಟಿ ಬರೆಯುವ ಮುನ್ನ ಮಕ್ಕಳನ್ನೊಮ್ಮೆ ಕೇಳುವುದು ಲೇಸು.