ಮದುವೆ ಫೋಟೋ ಇಡುವ ಡಿಸ್ಕು

ನೋಡಮ್ಮ, ಕ್ಯಾಮೆರಾಕ್ಕೆ, ಲೆನ್ಸಿಗೆ ಲಕ್ಷಗಟ್ಟಲೆ ಹಾಕಿದೆ. ಒಳ್ಳೆಯದೇ ಆಯಿತು, ಅದು ನಿನ್ನ ಅನ್ನದ ದಾರಿ. ಆದರೆ ತೆಗೆದದ್ದನ್ನು ಇಡುವ ಡಿಸ್ಕಿನ ಮಾತು ಬಂದಾಗ ‘ಕಡಿಮೆ ಬೆಲೆಯದು ಯಾವುದಾದರೂ ಸಾಕು’ ಅಂದೆಯಲ್ಲ, ಅದು ನನಗೆ ಹಿಡಿಸಲಿಲ್ಲ. ಲೆನ್ಸ್ ಒಡೆದರೆ ಇನ್ನೊಂದು ಬರುತ್ತದೆ. ಧಾರೆ ಎರೆಯುವ ಹೊತ್ತಿಗೆ ಹುಡುಗಿಯ ಅಪ್ಪನ ಮುಖ ಹೇಗಿತ್ತು ಎನ್ನುವುದು ಎರಡನೇ ಸಲ ಸಿಗುವುದಿಲ್ಲ. ಅದಕ್ಕೇ, ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವ ಮುಂಚೆ ನಾನು ಹೇಳುವುದನ್ನು ಸ್ವಲ್ಪ ಕೇಳು.

ಎಷ್ಟು ಜಾಗ ಬೇಕು ಎಂದು ಲೆಕ್ಕ ಹಾಕಿಕೊಂಡೇ ಹೋಗು. ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ವಿಡಿಯೊ ಗಂಟೆಗೆ 45 ಜಿಬಿ ನುಂಗುತ್ತದೆ. ಆರತಕ್ಷತೆ, ಮುಹೂರ್ತ ಎರಡೂ ಸೇರಿ ನಿನ್ನ ಎರಡು ಕ್ಯಾಮೆರಾ ತಲಾ ನಾಲ್ಕು ಗಂಟೆ ಓಡಿದರೆ 360 ಜಿಬಿ. ರಾ ಫೋಟೋಗಳು ಬೇರೆ. ಒಂದು ಟಿಬಿಯ ಡಿಸ್ಕಿನಲ್ಲಿ ಎರಡು ಮದುವೆ ಕೂತರೆ ಮೂರನೆಯದಕ್ಕೆ ಜಾಗವಿರುವುದಿಲ್ಲ. 4 ಟಿಬಿಗಿಂತ ಕಡಿಮೆಯದನ್ನು ಕೇಳಲೇ ಬೇಡ.

ರೆಡಿಮೇಡ್ ಪೋರ್ಟಬಲ್ ಬಿಟ್ಟು ಕೇಸಿಂಗ್ ಬೇರೆ, ಡಿಸ್ಕ್ ಬೇರೆ ಕೊಳ್ಳುತ್ತೇನೆ ಅಂದದ್ದು ಜಾಣತನವೇ. ಹಲವು ರೆಡಿಮೇಡ್ ಡಿಸ್ಕುಗಳಲ್ಲಿ ಯುಎಸ್‌ಬಿ ಪೋರ್ಟನ್ನು ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತಾರೆ, ಒಳಗೆ ಸಾಟಾ ಕನೆಕ್ಟರೇ ಇರುವುದಿಲ್ಲ. ಕೇಬಲ್ ಎಳೆದಾಡಿ ಪೋರ್ಟ್ ಕಿತ್ತುಬಂದರೆ ಡಿಸ್ಕ್ ಗಟ್ಟಿಯಾಗಿದ್ದರೂ ಡೇಟಾ ರಿಕವರಿಯವರ ಬಾಗಿಲು ತಟ್ಟಬೇಕು. ಬೇರೆ ಕೇಸಿಂಗ್ ಆದರೆ ಸ್ಕ್ರೂ ಬಿಚ್ಚಿ ಇನ್ನೊಂದಕ್ಕೆ ಹಾಕಿಕೊಳ್ಳುತ್ತೀಯ. ತಾನಾಗಿಯೇ ಎನ್‌ಕ್ರಿಪ್ಟ್ ಮಾಡುವ ಕೇಸಿಂಗ್ ಮಾತ್ರ ಬೇಡ. ಅದು ಕೆಟ್ಟರೆ ಡಿಸ್ಕನ್ನು ಬೇರೆಲ್ಲೂ ಓದಿಸಲಾಗುವುದಿಲ್ಲ.

ಇನ್ನು ಗಾತ್ರ. ಎರಡೂವರೆ ಇಂಚಿನದು ಯುಎಸ್‌ಬಿ ಕೊಡುವ 5 ವೋಲ್ಟಿನಲ್ಲೇ ತಿರುಗುತ್ತದೆ, ಚೀಲದಲ್ಲಿ ಹೊತ್ತು ತಿರುಗಲು ಹಗುರ. ಅದರಲ್ಲಿ ದಪ್ಪ ನೋಡಬೇಕು: ಸಾಮಾನ್ಯ ಕೇಸಿಂಗಿನೊಳಗೆ 7 ಅಥವಾ 9.5 ಮಿ.ಮೀ. ಡಿಸ್ಕ್ ಹೋಗುತ್ತದೆ, ಹೆಚ್ಚು ಟಿಬಿಯವು 15 ಮಿ.ಮೀ. ಇರುತ್ತವೆ. ಮೂರೂವರೆ ಇಂಚಿನದಕ್ಕೆ 12 ವೋಲ್ಟಿನ ಅಡಾಪ್ಟರ್ ಬೇಕು, ಯುಪಿಎಸ್‌ಗೆ ಹಾಕಿಡಬೇಕು, ಮೇಜು ಬಿಟ್ಟು ಏಳುವುದಿಲ್ಲ. ಆದರೂ ನಿನಗೆ ನಾನು ಹೇಳುವುದು ಅದನ್ನೇ. ಯಾಕೆ ಎಂದು ಹೇಳುತ್ತೇನೆ, ಇದು ಅಂಗಡಿಯಲ್ಲಿ ಯಾರೂ ಹೇಳದ ಮಾತು.

ಡಿಸ್ಕಿನ ತಟ್ಟೆಯ ಮೇಲೆ ಬರೆಯುವುದರಲ್ಲಿ ಎರಡು ಬಗೆ: ಸಿಎಂಆರ್, ಎಸ್‌ಎಂಆರ್. ಸಿಎಂಆರ್‌ನಲ್ಲಿ ಒಂದೊಂದು ಟ್ರ್ಯಾಕೂ ಬಿಡಿಬಿಡಿ. ಎಸ್‌ಎಂಆರ್‌ನಲ್ಲಿ ಅದೇ ತಟ್ಟೆಯಲ್ಲಿ ಹೆಚ್ಚು ತುಂಬಲು ಟ್ರ್ಯಾಕುಗಳನ್ನು ಮಂಗಳೂರು ಹೆಂಚಿನ ಹಾಗೆ ಒಂದರ ಅಂಚಿನ ಮೇಲೆ ಒಂದು ಹೊದಿಸಿರುತ್ತಾರೆ. ನಡುವಿನ ಹೆಂಚು ಬದಲಿಸಲು ಮೇಲಿನವನ್ನೂ ಸರಿಸಬೇಕಲ್ಲ, ಇಲ್ಲೂ ಹಾಗೇ; ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವಾಗ ಪಕ್ಕದ ಟ್ರ್ಯಾಕುಗಳನ್ನೂ ಮತ್ತೆ ಬರೆಯಬೇಕಾಗುತ್ತದೆ. ಆರಂಭದ ಕೆಲವು ಜಿಬಿ ಸರಸರ ಹೋಗುತ್ತವೆ, ಆಮೇಲೆ ವೇಗ ಕುಸಿಯುತ್ತದೆ. ಮದುವೆ ಮುಗಿಸಿ ನಡುರಾತ್ರಿ ಬಂದು ಕಾರ್ಡ್ ಖಾಲಿ ಮಾಡುವವಳಿಗೆ ಅದು ದೊಡ್ಡ ಕಾಟ. ಒಂದು ಟಿಬಿ ಮೇಲ್ಪಟ್ಟ ಈಗಿನ ಎರಡೂವರೆ ಇಂಚಿನ ಡಿಸ್ಕುಗಳಲ್ಲಿ ಹೆಚ್ಚಿನವು ಎಸ್‌ಎಂಆರ್. ಮೂರೂವರೆ ಇಂಚಿನಲ್ಲಿ ಆರಿಸಿಕೊಳ್ಳಲು ಅವಕಾಶವಿದೆ.

ಲೇಬಲ್ ಮೇಲೆ ಇದನ್ನು ಬರೆದಿರುವುದಿಲ್ಲ. 2020ರ ಏಪ್ರಿಲ್‌ನಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ ರೆಡ್ ಡಿಸ್ಕುಗಳಲ್ಲಿ 2ರಿಂದ 6 ಟಿಬಿಯ ಕೆಲವು ಮಾಡೆಲ್‌ಗಳು ಎಸ್‌ಎಂಆರ್ ಎಂದು ಒಪ್ಪಿಕೊಂಡಾಗ ಕೊಂಡವರೆಲ್ಲ ಸಿಟ್ಟಾದರು. ಅಲ್ಲಿಂದೀಚೆಗೆ ಯಾವುದು ಯಾವ ಬಗೆ ಎಂದು ಕಂಪನಿಗಳೇ ಪಟ್ಟಿ ಹಾಕುತ್ತಿವೆ. ಮಾಡೆಲ್ ನಂಬರ್ ಹಿಡಿದು ಫೋನಿನಲ್ಲಿ ನೋಡಿಕೊಂಡೇ ದುಡ್ಡು ಕೊಡು. ಸೀಗೇಟ್ ಐರನ್‌ವುಲ್ಫ್, ಡಬ್ಲ್ಯುಡಿ ರೆಡ್ ಪ್ಲಸ್ ಎರಡೂ ಸಿಎಂಆರ್. 5400 ಆರ್‌ಪಿಎಂ ಆದರೆ ಸಾಕು. ಬಿಸಿ ಕಡಿಮೆ, ಸದ್ದೂ ಕಡಿಮೆ.

ವೇಗ ಕಳೆದುಹೋಗುವುದು ಹೆಚ್ಚಾಗಿ ಕೇಸಿಂಗಿನಲ್ಲಿ. 400 ಜಿಬಿಯನ್ನು ಸೆಕೆಂಡಿಗೆ 150 ಎಂಬಿಯಂತೆ ಸುರಿದರೆ ಮುಕ್ಕಾಲು ಗಂಟೆ ಸಾಕು. ಅದೇ ಡಿಸ್ಕನ್ನು ಹಳೇ ಯುಎಸ್‌ಬಿ 2.0 ಕೇಸಿಂಗಿಗೆ ಹಾಕಿದರೆ ಮೂರು ಗಂಟೆ ದಾಟುತ್ತದೆ. ಯುಎಸ್‌ಬಿ 3.0, ಅಲ್ಯೂಮಿನಿಯಂ ಮೈ, ನೀನು ಕೊಳ್ಳುವಷ್ಟು ಟಿಬಿಯನ್ನು ಗುರುತಿಸುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರಹ, ಇಷ್ಟಿರಲಿ. ಹಳೇ ಕೇಸಿಂಗುಗಳು ಹಲವು 2 ಟಿಬಿಗೇ ನಿಂತುಬಿಡುತ್ತವೆ. ಕಲಬುರಗಿ ಕಡೆ ಬೇಸಿಗೆಯಲ್ಲಿ ಕೆಲಸ ಒಪ್ಪಿಕೊಂಡರೆ ಫ್ಯಾನ್ ಇರುವುದನ್ನೇ ತಗೋ.

ಎಸ್‌ಎಸ್‌ಡಿ ಎಡಿಟಿಂಗಿಗೆ ಇರಲಿ. ಕಾಪಿಟ್ಟು ಬೀರುವಿನಲ್ಲಿ ಇಡುವುದಕ್ಕೆ ಅದು ತಕ್ಕದ್ದಲ್ಲ. ಕರೆಂಟ್ ಕಾಣದೆ ವರ್ಷಗಟ್ಟಲೆ ಬಿದ್ದಿದ್ದರೆ ಅದರೊಳಗಿನ ಚಾರ್ಜ್ ಸೋರುತ್ತದೆ.

ಮನೆಗೆ ತಂದಮೇಲೆ ಅವಸರ ಮಾಡಬೇಡ. ಪಾರ್ಟಿಷನ್ ಬಗೆ ಯಾವುದೆಂದು ವಿಂಡೋಸ್ ಕೇಳಿದಾಗ ಜಿಪಿಟಿ ಆರಿಸು. ಆಮೇಲೆ ಕ್ವಿಕ್ ಫಾರ್ಮ್ಯಾಟ್ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡು. 4 ಟಿಬಿಗೆ ಏಳೆಂಟು ಗಂಟೆ ಹಿಡಿದೀತು, ಹಿಡಿಯಲಿ, ಅಷ್ಟರಲ್ಲಿ ಡಿಸ್ಕಿನ ಮೂಲೆಮೂಲೆಯೂ ಪರೀಕ್ಷೆಯಾಗಿರುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದು ರೀಅಲೊಕೇಟೆಡ್, ಪೆಂಡಿಂಗ್ ಸೆಕ್ಟರ್ ಎರಡೂ ಸೊನ್ನೆ ಇದೆಯೇ ನೋಡು. ಒಂದಿದ್ದರೂ ಅಂಗಡಿಗೆ ಹಿಂದಿರುಗಿಸು. ಎಷ್ಟು ಗಂಟೆ ಓಡಿದೆ ಎಂಬ ಅಂಕಿಯನ್ನೂ ನೋಡು, ಆದರೆ ಅದನ್ನೇ ನಂಬಬೇಡ. 2025ರ ಜನವರಿಯಲ್ಲಿ ಜರ್ಮನಿಯಲ್ಲಿ ಸಾವಿರಾರು ಗಂಟೆ ಓಡಿದ್ದ ಸೀಗೇಟ್ ಡಿಸ್ಕುಗಳನ್ನು, ಆ ಅಂಕಿ ಅಳಿಸಿ, ಹೊಸದೆಂದು ಮಾರಿದ್ದು ಬಯಲಾಯಿತು. ಅದಕ್ಕೇ ಬಿಲ್ ತಗೋ, ಸೀರಿಯಲ್ ನಂಬರನ್ನು ಕಂಪನಿಯ ವಾರಂಟಿ ಪುಟದಲ್ಲಿ ಹಾಕಿ ನೋಡು. ವಾರಂಟಿಯೂ ಡಿಸ್ಕಿಗೆ ಮಾತ್ರ, ಒಳಗಿನ ಮದುವೆಗಲ್ಲ.

ತಿರುಗುತ್ತಿರುವಾಗ ಅಲುಗಿಸಬೇಡ, ಇಜೆಕ್ಟ್ ಮಾಡದೆ ಕೇಬಲ್ ಕೀಳಬೇಡ. ಒಳಗೆ ಓದುವ ತಲೆ ತಟ್ಟೆಗೆ ತಾಗದಂತೆ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ.

ಇಷ್ಟೆಲ್ಲ ನೋಡಿ ಕೊಂಡರೂ ಡಿಸ್ಕ್ ಒಂದಲ್ಲ ಒಂದು ದಿನ ಹೋಗುತ್ತದೆ. ಹಾಗಾಗಿ 8 ಟಿಬಿಯದು ಒಂದು ಕೊಳ್ಳುವ ಯೋಚನೆ ಬಿಡು, 4 ಟಿಬಿಯವು ಎರಡು ಕೊಳ್ಳು. ಎರಡರಲ್ಲೂ ಅದೇ ಮದುವೆ ಇರಲಿ, ಒಂದು ನಿನ್ನ ಮೇಜಿನ ಮೇಲೆ, ಇನ್ನೊಂದು ಅಮ್ಮನ ಮನೆಯಲ್ಲಿ. ಎರಡಕ್ಕೂ ಈಗಲೇ ದುಡ್ಡು ಸಾಲದಿದ್ದರೆ ಮುಂದಿನ ಲೆನ್ಸನ್ನು ಮುಂದಕ್ಕೆ ಹಾಕು.