ಮೃದಂಗವಿಲ್ಲದ ಮನೆಯಲ್ಲಿ ಒಂಟಿ ಪಿಟೀಲು

ಪ್ರಶ್ನೆ: ನಾನು ಹಿರಿಯೂರಿನವಳು, ಪ್ರೌಢಶಾಲೆಯ ಶಿಕ್ಷಕಿ. ಹೊಸದುರ್ಗದಲ್ಲಿರುವ ಮಗಳ ಮನೆಯಲ್ಲಿ ಮೊಮ್ಮಗನ ತೊಟ್ಟಿಲು ಶಾಸ್ತ್ರವಿದೆ. ಪುರಂದರದಾಸರ ‘ಜಗದೋದ್ಧಾರನ’ ಪಿಟೀಲಿನಲ್ಲಿ ನುಡಿಸಬೇಕೆಂಬ ಆಸೆ. ಹಾಡುವವರಿಲ್ಲ, ಮೃದಂಗವೂ ಇಲ್ಲ. ಒಬ್ಬಳೇ ನುಡಿಸಿದರೆ ಬೋಳು ಬೋಳಾಗಿ ಕೇಳುತ್ತದೆ. ಸ್ವಲ್ಪ ಬದಲಾಯಿಸಿಕೊಂಡರೆ ಚಿತ್ರದುರ್ಗದಲ್ಲಿರುವ ನಮ್ಮ ಗುರುಗಳು ಬೇಸರ ಮಾಡಿಕೊಳ್ಳುತ್ತಾರೇನೋ ಎಂಬ ಅಳುಕು. ಏನು ಮಾಡಲಿ?

ಉತ್ತರ: ಅಮ್ಮಾ, ಮೊದಲು ಸಂತೋಷ. ಅಜ್ಜಿಯೇ ನುಡಿಸುವ ತೊಟ್ಟಿಲ ಹಾಡು ಎಷ್ಟು ಮಕ್ಕಳಿಗೆ ಸಿಗುತ್ತದೆ!

ಬೋಳಾಗಿ ಕೇಳುವುದಕ್ಕೆ ಕಾರಣ ಮೃದಂಗ ಇಲ್ಲದಿರುವುದಲ್ಲ, ಸಾಹಿತ್ಯ ಇಲ್ಲದಿರುವುದು. ಹಾಡುವಾಗ ಚರಣಗಳಿಗೆ ಒಂದೇ ಮಟ್ಟು ಸಾಕಾಗುತ್ತದೆ, ಏಕೆಂದರೆ ಮಾತು ಬದಲಾಗುತ್ತಿರುತ್ತದೆ. ಪಿಟೀಲಿನಲ್ಲಿ ಅದೇ ಮಟ್ಟು ಮೂರು ಸಲ ಬಂದರೆ ಕೇಳುವವರು ಊಟದ ಎಲೆಯ ಕಡೆ ನೋಡುತ್ತಾರೆ. ಆದ್ದರಿಂದ ಎರಡೇ ಚರಣ ಇಟ್ಟುಕೊಳ್ಳಿ, ಎರಡನೆಯದನ್ನು ಮಂದ್ರದಲ್ಲಿ ನುಡಿಸಿ. ಪಲ್ಲವಿಯ ಸಂಗತಿಗಳಲ್ಲೂ ನಿಮ್ಮ ಕೈಗೆ ನಿಜವಾಗಿ ಒಲಿದಿರುವ ಎರಡು ಮೂರು ಸಾಕು.

ಮನಸ್ಸಿನಲ್ಲಿ ಹಾಡಿಕೊಳ್ಳುತ್ತಲೇ ನುಡಿಸಿ, ಕಮಾನು ಸಾಹಿತ್ಯದ ಅಕ್ಷರಕ್ಕೆ ತಿರುಗಲಿ. ‘ಜಗ’ ಎಂಬ ಎರಡು ಹ್ರಸ್ವಗಳು ಒಂದೇ ಎಳೆತದಲ್ಲಿ ಹಗುರವಾಗಿ ಬರಲಿ, ‘ದ್ಧಾ’ಕ್ಕೆ ಹೊಸ ಎಳೆತ, ಅಲ್ಲಿ ಒಂದಿಷ್ಟು ನಿಲ್ಲಿ. ಮಾತು ಗೊತ್ತಿರುವ ನಮ್ಮ ಜನ ಆಗ ಒಳಗೊಳಗೇ ಹಾಡಿಕೊಳ್ಳತೊಡಗುತ್ತಾರೆ. ಈ ಹಾಡಿನ ಕಾಪಿ ರಾಗದ ಅನ್ಯಸ್ವರಗಳಾದ ಅಂತರ ಗಾಂಧಾರ, ಕಾಕಲಿ ನಿಷಾದಗಳನ್ನು ಮುಟ್ಟಿ ಬಿಟ್ಟರೆ ಸಾಕು. ಒಂಟಿ ವಾದ್ಯದಲ್ಲಿ ಅವು ಬೇಗ ಎದ್ದು ಕೇಳುತ್ತವೆ, ಹೆಚ್ಚಾದರೆ ರಾಗ ಸಡಿಲವಾಗುತ್ತದೆ.

ಇನ್ನು ತಾಳ. ನಮ್ಮ ವೈಣಿಕರನ್ನು ನೋಡಿ: ಬಲಗೈಯ ಕಿರುಬೆರಳಿನಿಂದ ಪಕ್ಕದ ಮೂರು ತಾಳದ ತಂತಿಗಳನ್ನು ಮೀಟುತ್ತ ಲಯವನ್ನು ತಾವೇ ಹಿಡಿದುಕೊಳ್ಳುತ್ತಾರೆ. ವೀಣೆ ಶೇಷಣ್ಣನವರ ಮೈಸೂರಿನಲ್ಲಿ ವೀಣೆ ಒಂಟಿಯಾಗಿ ನಿಲ್ಲಬಲ್ಲದ್ದಾಯಿತೆಂದರೆ ಇದರ ಪಾಲೂ ಅದರಲ್ಲಿದೆ. ಪಿಟೀಲಿಗೆ ತಾಳದ ತಂತಿಯಿಲ್ಲ, ಆದರೆ ಬಿಡಿ ತಂತಿಗಳಿವೆ. ಆದಿತಾಳದ ಆವರ್ತ ತಿರುಗುವಲ್ಲಿ, ಸಾಲು ಷಡ್ಜಕ್ಕೆ ಬಂದು ನಿಂತಾಗ, ಪಕ್ಕದ ತಂತಿಯನ್ನೂ ಕಮಾನು ಮೆಲ್ಲಗೆ ಸವರಲಿ. ಅಷ್ಟೇ. ಪ್ರತಿ ಪೆಟ್ಟಿಗೂ ಸವರಿದರೆ ಹಾಡು ಮುಳುಗುತ್ತದೆ. ತಿರುಮಕೂಡಲು ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದ್ದು ಕೂಡ ನಾದ ದೊಡ್ಡದಾಗಲೆಂದು, ಕೃತಿಗೆ ಹೊಸ ಸ್ವರ ಸೇರಿಸಲೆಂದಲ್ಲ.

ಶ್ರುತಿಯನ್ನು ನೀವು ಹಾಡುವ ಶ್ರುತಿಗೆ ಏರಿಸಬೇಡಿ. ಕೆಳಗಿನ ಶ್ರುತಿಯಲ್ಲಿ ತಂತಿಯ ಬಿಗಿ ಕಡಿಮೆಯಾಗಿ ನಾದ ಮೃದುವಾಗುತ್ತದೆ, ಪಕ್ಕದಲ್ಲೇ ಎಳೆಗೂಸು ಇರುತ್ತದಲ್ಲ. ಶ್ರುತಿಪೆಟ್ಟಿಗೆ ಮಾತ್ರ ತಪ್ಪದೆ ಇರಲಿ.

ಗುರುಗಳ ವಿಷಯ. ಅವರು ಕೊಟ್ಟ ಪಾಠಾಂತರದ ಸ್ವರ ತಿದ್ದುವುದು ಬೇರೆ, ಅದರಲ್ಲಿ ಯಾವುದನ್ನು ನುಡಿಸಬೇಕು, ಯಾವುದನ್ನು ಬಿಡಬೇಕು ಎಂದು ಆರಿಸುವುದು ಬೇರೆ. ನೀವು ಮಾಡುತ್ತಿರುವುದು ಎರಡನೆಯದು. ಆದರೂ ಮುಚ್ಚಿಟ್ಟು ಮಾಡಬೇಡಿ. ಶಾಸ್ತ್ರಕ್ಕೆ ಮೊದಲು ಒಂದು ಭಾನುವಾರ ಪಿಟೀಲು ತೆಗೆದುಕೊಂಡು ಚಿತ್ರದುರ್ಗಕ್ಕೆ ಹೋಗಿ, ಅವರ ಮುಂದೆ ಪೂರ್ತಿ ನುಡಿಸಿ, “ಯಾವ ಸಂಗತಿ ಬಿಡಲಿ?” ಎಂದು ಅವರನ್ನೇ ಕೇಳಿ. ತೊಟ್ಟಿಲಿಗೆ ಅವರನ್ನೂ ಕರೆಯಿರಿ.